ಮುಷ್ಟಿ ಸಡಿಲಿಸುವ ಅಭ್ಯಾಸ: ದಿನನಿತ್ಯದ ಬದುಕಿನಲ್ಲಿ ಬೌದ್ಧ ದಾನ

ಬುದ್ಧನ ಕಾಲದ ಶ್ರಾವಸ್ತಿಯಲ್ಲಿ ಇಬ್ಬರು ಸಿರಿವಂತರಿದ್ದರು. ಒಬ್ಬ ಮಕ್ಕಳಿಲ್ಲದೆ ತೀರಿಕೊಂಡ. ಅವನ ಆಸ್ತಿಯನ್ನು ಅರಮನೆಗೆ ಸಾಗಿಸಿ ಬಂದ ಕೋಸಲದ ರಾಜ ಪಸೇನದಿ ಬುದ್ಧನ ಎದುರು ಕುಳಿತು ಹೇಳಿದ: ಚಿನ್ನವೇ 80 ಲಕ್ಷ, ಬೆಳ್ಳಿಯ ಮಾತಂತೂ ಬೇಡ, ಆದರೆ ಆ ಮನುಷ್ಯ ಉಣ್ಣುತ್ತಿದ್ದದ್ದು ನುಚ್ಚಿನ ಅನ್ನ ಮತ್ತು ಹುಳಿ ಗಂಜಿ, ಓಡಾಡುತ್ತಿದ್ದದ್ದು ಎಲೆ ಹೊದಿಸಿದ ಮುರುಕು ಗಾಡಿಯಲ್ಲಿ. ಇನ್ನೊಬ್ಬ ಅನಾಥಪಿಂಡಿಕ, ಜೇತವನವೆಂಬ ಉದ್ಯಾನವನ್ನು ಕೊಂಡು ಭಿಕ್ಷುಸಂಘಕ್ಕೆ ಒಪ್ಪಿಸಿದವನು. ಅಟ್ಟಕಥೆಗಳ, ಅಂದರೆ ಪ್ರಾಚೀನ ವ್ಯಾಖ್ಯಾನಗಳ ಪ್ರಕಾರ ಅವನ ಸಂಪತ್ತು ಒಮ್ಮೆ ಕರಗಿಹೋಯಿತು. ಆಗ ಅವನು ಬುದ್ಧನಿಗೆ ಸಂಕೋಚದಿಂದ ಹೇಳಿದ ಮಾತು ಬುದ್ಧನ ಉಪದೇಶಗಳ ಸಂಗ್ರಹವಾದ ಅಂಗುತ್ತರ ನಿಕಾಯದಲ್ಲಿದೆ: ಮನೆಯಲ್ಲಿ ದಾನವೇನೋ ನಡೆಯುತ್ತಿದೆ ಭಂತೇ, ಆದರೆ ಕೊಡುತ್ತಿರುವುದು ನುಚ್ಚಿನ ಅನ್ನ, ಜೊತೆಗೆ ಹುಳಿ ಗಂಜಿ.

ಎರಡು ಕಡೆಯೂ ಪಾಲಿಯಲ್ಲಿ ಅದೇ ಪದಗಳು, ಅದೇ ಊಟ. ಒಬ್ಬ ಕೋಶ ತುಂಬಿದ್ದಾಗಲೂ ಅದನ್ನು ತಾನೊಬ್ಬನೇ ಉಂಡ. ಇನ್ನೊಬ್ಬ ಕೈ ಬರಿದಾದಾಗಲೂ ಅದನ್ನೇ ಇತರರಿಗೆ ಬಡಿಸಿದ. ದಾನದ ಬಗ್ಗೆ ಓದಿದ್ದೆಲ್ಲದರಲ್ಲಿ ನನ್ನ ಮನಸ್ಸಿನಲ್ಲಿ ಆಳವಾಗಿ ಕುಳಿತದ್ದು ಈ ಒಂದು ಹೋಲಿಕೆ. ನಾವು ‘ಇದ್ದರೆ ಕೊಡಬಹುದಿತ್ತು’ ಎನ್ನುತ್ತೇವೆ. ಇರುವುದಕ್ಕೂ ಕೊಡುವುದಕ್ಕೂ ನಡುವೆ ಇರುವ ಮುಷ್ಟಿಯ ಬಗ್ಗೆ ಮಾತಾಡುವುದಿಲ್ಲ.

ಪಾಲಿಯಲ್ಲಿ ಇದಕ್ಕೆ ಎರಡು ಪದಗಳಿವೆ. ಕೊಡುವ ಕ್ರಿಯೆಗೆ ‘ದಾನ’ ಎಂದರೆ, ಕೊಡಬಲ್ಲ ಮನಸ್ಸಿನ ಗುಣಕ್ಕೆ ‘ಚಾಗ’ ಎನ್ನುತ್ತಾರೆ. ಹಳಗನ್ನಡ ಓದಿದವರಿಗೆ ಈ ಪದ ಹೊಸದಲ್ಲ. ನಮ್ಮ ಪ್ರಾಚೀನ ಕವಿಗಳ ಚಾಗ, ಚಾಗಿ ಇದೇ. ದಾನ ಮಾಡುತ್ತಾ ಮಾಡುತ್ತಾ ಚಾಗವನ್ನು ಬೆಳೆಸಿಕೊಳ್ಳುವುದು ಅಭ್ಯಾಸದ ಗುರಿ. ಬುದ್ಧ ಹೊಸಬರಿಗೆ ಧರ್ಮವನ್ನು ಮೆಟ್ಟಿಲು ಮೆಟ್ಟಿಲಾಗಿ ಹೇಳುವಾಗ ಮೊದಲು ಎತ್ತುತ್ತಿದ್ದ ವಿಷಯ ದಾನ. ಶೀಲ ಆಮೇಲೆ, ನಾಲ್ಕು ಆರ್ಯಸತ್ಯಗಳು ಇನ್ನೂ ಆಮೇಲೆ. ಥೇರವಾದದ ಹತ್ತು ಪಾರಮಿಗಳಲ್ಲೂ (ಪೂರ್ಣವಾಗಿ ಬೆಳೆಸಿಕೊಳ್ಳಬೇಕಾದ ಗುಣಗಳು) ಮಹಾಯಾನದ ಆರು ಪಾರಮಿತೆಗಳಲ್ಲೂ ಮೊದಲನೆಯದು ದಾನವೇ. ಧ್ಯಾನಕ್ಕೆ ಕೂರಲು ಬಾರದವರೂ ಸೂತ್ರ ಓದದವರೂ ಇಂದೇ ಶುರು ಮಾಡಬಹುದು.

ಮೊದಲ ಹಂತ: ಒಂದು ವಾರ ಬಿಗಿತವನ್ನಷ್ಟೇ ನೋಡಿ

ಮೊದಲ ಏಳು ದಿನ ಹೊಸದಾಗಿ ಏನನ್ನೂ ಕೊಡಲು ಹೋಗಬೇಡಿ. ಎಂದಿನಂತೆ ಇರಿ. ಆದರೆ ಯಾರಾದರೂ ಏನನ್ನಾದರೂ ಕೇಳಿದ ಕ್ಷಣದಲ್ಲಿ ನಿಮ್ಮೊಳಗೆ ಆಗುವುದನ್ನು ಗಮನಿಸಿ. ಪೆನ್ನು ಕೇಳಿದರು, ಹತ್ತು ನಿಮಿಷ ಕೇಳಿದರು, ಕೂರಲು ಸ್ವಲ್ಪ ಜಾಗ ಕೇಳಿದರು. ‘ಕೊಡುತ್ತೇನೆ’ ಅಥವಾ ‘ಇಲ್ಲ’ ಎಂಬ ಮಾತು ಬಾಯಿಗೆ ಬರುವ ಮೊದಲೇ ಎದೆಯಲ್ಲೋ ಹೊಟ್ಟೆಯಲ್ಲೋ ಏನೋ ಹಿಡಿದುಕೊಂಡಂತಾಗುತ್ತದೆ. ಆ ಬಿಗಿತವೇ ನಿಮ್ಮ ಪಾಠ.

ಪಾಲಿಯಲ್ಲಿ ಅದರ ಹೆಸರು ‘ಮಚ್ಛರಿಯ’. ಕನ್ನಡದಲ್ಲಿ ‘ಮತ್ಸರ’ವೆಂದರೆ ಇನ್ನೊಬ್ಬರ ಏಳಿಗೆ ಕಂಡು ಉರಿಯುವುದು, ಪಾಲಿಯ ಮಚ್ಛರಿಯ ಎಂದರೆ ನನ್ನದು ಇನ್ನೊಬ್ಬರಿಗೆ ಹೋಗಬಾರದೆಂಬ ಸಂಕಟ. ಜಿಪುಣತನವೆಂದರೆ ಹಣದ್ದು ಮಾತ್ರ ಎಂದುಕೊಂಡಿದ್ದವರಿಗೆ ಸುತ್ತಗಳಲ್ಲಿ, ಅಂದರೆ ಬುದ್ಧನ ಉಪದೇಶಗಳಲ್ಲಿ, ಬರುವ ಐದು ಬಗೆಯ ಪಟ್ಟಿ ಕಣ್ಣು ತೆರೆಸುತ್ತದೆ: ಇರುವ ಜಾಗದ ಜಿಪುಣತನ, ಪರಿಚಿತರ ಮತ್ತು ಬೆಂಬಲಿಗರ ಜಿಪುಣತನ, ಲಾಭದ ಜಿಪುಣತನ, ಹೊಗಳಿಕೆಯ ಜಿಪುಣತನ, ತಿಳಿವಳಿಕೆಯ ಜಿಪುಣತನ. ಕಚೇರಿಗೆ ಹೊಸದಾಗಿ ಸೇರಿದವರಿಗೆ ಕೆಲಸದ ಒಳಗುಟ್ಟು ಹೇಳಿಕೊಡದೆ ‘ನೀವೇ ಕಲಿತುಕೊಳ್ಳುತ್ತೀರಿ ಬಿಡಿ’ ಎಂದಿದ್ದೀರಾ? ಗೆಳೆಯನ ಕೆಲಸ ಚೆನ್ನಾಗಿದೆ ಎಂದು ಗೊತ್ತಿದ್ದೂ ಆ ಒಂದು ಮಾತನ್ನು ನಾಲಿಗೆಯ ತುದಿಯಲ್ಲೇ ತಡೆದಿದ್ದೀರಾ? ಹಣದ ವಿಷಯದಲ್ಲಿ ಕೊಡುಗೈ ದೊರೆಗಳಾದವರು ಹೊಗಳಿಕೆಯ ವಿಷಯದಲ್ಲಿ ಕಡುಜಿಪುಣರಾಗಿರುವುದನ್ನು ನಾನು ಎಷ್ಟೋ ಸಲ ಕಂಡಿದ್ದೇನೆ.

ದಿನಕ್ಕೆ ಎರಡು ಸಾಲು ಬರೆದಿಡಿ: ಎಲ್ಲಿ ಬಿಗಿಯಿತು, ಯಾವುದಕ್ಕೆ ಬಿಗಿಯಿತು. ನಿಮ್ಮನ್ನು ನೀವು ಬೈದುಕೊಳ್ಳಬೇಡಿ. ವಾರದ ಕೊನೆಗೆ ಓದಿದಾಗ ನಿಮ್ಮ ಗಂಟು ಎಲ್ಲಿದೆಯೆಂದು ತಾನಾಗಿಯೇ ತಿಳಿಯುತ್ತದೆ.

ಎರಡನೆಯ ಹಂತ: ಸೊಪ್ಪಿನಿಂದ ಶುರು ಮಾಡಿ

ಎಂಟನೆಯ ಶತಮಾನದ ಆಚಾರ್ಯ ಶಾಂತಿದೇವ ಬೋಧಿಚರ್ಯಾವತಾರದಲ್ಲಿ ಹೇಳುವುದು ಇದು: ಬುದ್ಧರು ನಮ್ಮನ್ನು ಮೊದಲು ತೊಡಗಿಸುವುದು ಸೊಪ್ಪು ಮುಂತಾದವನ್ನು ಕೊಡುವುದರಲ್ಲಿ; ರೂಢಿಯಾದ ಮೇಲೆ ಮನುಷ್ಯ ಮೆಲ್ಲಮೆಲ್ಲನೆ ತನ್ನ ಮಾಂಸವನ್ನೂ ಕೊಡಬಲ್ಲವನಾಗುತ್ತಾನೆ. ಮಾಂಸದ ಮಾತು ಬುದ್ಧತ್ವದ ಹಾದಿಯಲ್ಲಿರುವ ಬೋಧಿಸತ್ತ್ವರಿಗಿರಲಿ. ನಮಗೆ ಬೇಕಾದದ್ದು ಆ ಸೊಪ್ಪು.

ಟಿಬೆಟನ್ ಪರಂಪರೆಯಲ್ಲಿ ಇದಕ್ಕಿಂತಲೂ ಸರಳವಾದ ಅಭ್ಯಾಸವನ್ನು ಹೇಳಿಕೊಡುತ್ತಾರೆ. ಇಷ್ಟವಾದ ವಸ್ತುವೊಂದನ್ನು ಬಲಗೈಯಲ್ಲಿ ಹಿಡಿದು, ಅದನ್ನು ಇನ್ನೊಬ್ಬರಿಗೆ ಕೊಡುತ್ತಿದ್ದೇನೆ ಎಂದುಕೊಂಡು ಎಡಗೈಗೆ ದಾಟಿಸಬೇಕು. ಮತ್ತೆ ಎಡಗೈಯಿಂದ ಬಲಗೈಗೆ. ಮಕ್ಕಳಾಟದಂತೆ ಕಾಣುತ್ತದೆ, ನಿಜ. ಆದರೆ ಅಜ್ಜಿಯ ಕಾಲದ ಉಂಗುರವನ್ನೋ ಹೊಸ ಮೊಬೈಲನ್ನೋ ಹಿಡಿದು ಒಮ್ಮೆ ಮಾಡಿ ನೋಡಿ. ನಿಮ್ಮದೇ ಎಡಗೈ ಎಂದು ಗೊತ್ತಿದ್ದೂ ಬೆರಳುಗಳು ಬಿಡಲು ಒಂದು ಗಳಿಗೆ ತಡಮಾಡುತ್ತವೆ.

ಜಿಪುಣನನ್ನು ಕನ್ನಡದಲ್ಲಿ ‘ಎಂಜಲು ಕೈಯಲ್ಲಿ ಕಾಗೆ ಓಡಿಸದವನು’ ಎನ್ನುತ್ತೇವೆ. ಕೈ ಬೀಸಿದರೆ ಅಂಟಿದ ಅಗುಳು ಕಾಗೆಗೆ ಸಿಕ್ಕೀತೆಂಬ ಭಯ! ಇದರ ಪಕ್ಕದಲ್ಲಿ ಅಂಗುತ್ತರ ನಿಕಾಯದ ಇನ್ನೊಂದು ಮಾತನ್ನು ಇಟ್ಟು ನೋಡಬೇಕು. ವಚ್ಛಗೋತ್ತ ಎಂಬ ಪರಿವ್ರಾಜಕನಿಗೆ ಬುದ್ಧ ಹೇಳುತ್ತಾನೆ: ಪಾತ್ರೆ ತೊಳೆದ ನೀರನ್ನು ಹೊಂಡಕ್ಕೋ ಬಚ್ಚಲಿಗೋ ಚೆಲ್ಲುವಾಗ ‘ಇಲ್ಲಿರುವ ಜೀವಿಗಳು ಇದರಿಂದ ಬದುಕಲಿ’ ಎಂದುಕೊಂಡು ಚೆಲ್ಲಿದರೂ ಅದು ಪುಣ್ಯವೇ. ಚೆಲ್ಲುವ ನೀರು ಹೇಗೂ ಚೆಲ್ಲಲೇಬೇಕು. ಬದಲಾದದ್ದು ಮನಸ್ಸೊಂದೇ.

ಹಾಗಾಗಿ ಮೊದಲ ತಿಂಗಳಿಗೆ ದಿನಕ್ಕೊಂದು ಸಣ್ಣ ದಾನವನ್ನು ಗೊತ್ತು ಮಾಡಿಕೊಳ್ಳಿ. ಹಕ್ಕಿಗೆ ನೀರು, ಬಸ್ಸಿನಲ್ಲಿ ಸೀಟು, ಸಾಲಿನಲ್ಲಿ ಹಿಂದಿರುವ ಅವಸರದವರಿಗೆ ನಿಮ್ಮ ಸರದಿ, ಯಾರದೋ ಕೆಲಸಕ್ಕೆ ಒಂದು ಪ್ರಾಮಾಣಿಕ ಮೆಚ್ಚುಗೆ. ಊಟಕ್ಕೆ ಕೂರುವ ಮೊದಲೇ ಮಾಡಿ ಮುಗಿಸುವುದು ಒಳ್ಳೆಯ ಕಟ್ಟು. ಹಂಚಿಕೊಳ್ಳುವುದರ ಫಲವನ್ನು ತಾನು ತಿಳಿದಂತೆ ಜನರೂ ತಿಳಿದಿದ್ದರೆ, ತೆಗೆದುಕೊಳ್ಳುವವರು ಎದುರಿಗಿರುವಾಗ ಕೊನೆಯ ತುತ್ತನ್ನೂ ಹಂಚದೆ ಉಣ್ಣುತ್ತಿರಲಿಲ್ಲ ಎಂಬ ಬುದ್ಧನ ಮಾತು ಇತಿವುತ್ತಕವೆಂಬ ಪಾಲಿ ಗ್ರಂಥದಲ್ಲಿದೆ. ಆ ಮಾತಿಗೂ ಊಟದ ಹೊತ್ತಿಗೂ ಗಂಟು ಹಾಕಿದರೆ ಮರೆಯುವುದಿಲ್ಲ.

ಮೂರನೆಯ ಹಂತ: ಏಕೆ ಕೊಡುತ್ತಿದ್ದೇನೆ ಎಂದು ಕೇಳಿಕೊಳ್ಳಿ, ಆದರೆ ಅಲ್ಲೇ ನಿಂತುಬಿಡಬೇಡಿ

ಜನ ಏಕೆ ಕೊಡುತ್ತಾರೆ ಎಂಬುದಕ್ಕೆ ಅಂಗುತ್ತರ ನಿಕಾಯ ಎಂಟು ಕಾರಣಗಳನ್ನು ಹೇಳುತ್ತದೆ. ಕೆಲವರು ಕಿರಿಕಿರಿಯಿಂದ ಎಸೆದಂತೆ ಕೊಡುತ್ತಾರೆ. ಕೆಲವರು ಹೆದರಿ. ‘ಅವರು ನನಗೆ ಕೊಟ್ಟಿದ್ದರು’ ಎಂದು ಕೆಲವರು, ‘ಮುಂದೆ ಕೊಡುತ್ತಾರೆ’ ಎಂದು ಕೆಲವರು. ದಾನ ಒಳ್ಳೆಯದು ಎಂದು, ‘ನನ್ನ ಮನೆಯಲ್ಲಿ ಒಲೆ ಉರಿಯುತ್ತದೆ, ಇವರ ಮನೆಯಲ್ಲಿ ಇಲ್ಲ’ ಎಂದು, ಹೆಸರು ಬರಲಿ ಎಂದು. ಎಂಟನೆಯದು ‘ಚಿತ್ತಾಲಂಕಾರ’: ಮನಸ್ಸನ್ನು ಸಿಂಗರಿಸಲು, ಹದಗೊಳಿಸಲು ಕೊಡುವುದು.

ಈ ಪಟ್ಟಿ ಓದಿದ ಪ್ರಾಮಾಣಿಕ ಮನುಷ್ಯ ‘ನನ್ನದು ಶುದ್ಧ ಉದ್ದೇಶವಲ್ಲ, ಶುದ್ಧವಾದ ಮೇಲೆ ಕೊಡುತ್ತೇನೆ’ ಎನ್ನುವ ಅಪಾಯವಿದೆ. ಅದು ಮಚ್ಛರಿಯದ ಅತಿ ಜಾಣ ವೇಷ. ಹೆಸರಿನ ಆಸೆ ಅರ್ಧ, ಕರುಣೆ ಅರ್ಧ ಇದ್ದರೂ ಕೊಡಿ. ಕೊಡುವಾಗ ಆ ಅರ್ಧವನ್ನು ನೋಡಿಕೊಳ್ಳಿ, ಸಾಕು. ಹಸಿದವನ ಹೊಟ್ಟೆ ನಿಮ್ಮ ಉದ್ದೇಶ ಪಕ್ವವಾಗುವವರೆಗೆ ಕಾಯುವುದಿಲ್ಲ.

ನಾಲ್ಕನೆಯ ಹಂತ: ಮನಸ್ಸು ಬಂದಾಗಲೇ ಕೊಟ್ಟುಬಿಡಿ

ಧಮ್ಮಪದದ ಅಟ್ಟಕಥೆಯಲ್ಲಿ ಒಬ್ಬ ಬಡ ಬ್ರಾಹ್ಮಣನ ಕಥೆಯಿದೆ. ಅವನಿಗೂ ಹೆಂಡತಿಗೂ ಸೇರಿ ಹೊದೆಯಲು ಇದ್ದದ್ದು ಒಂದೇ ಮೇಲ್ವಸ್ತ್ರ. ಹಾಗಾಗಿ ಧರ್ಮ ಕೇಳಲು ಹಗಲು ಅವಳು ಹೋದರೆ ರಾತ್ರಿ ಅವನು. ಆ ರಾತ್ರಿ ಬುದ್ಧನ ಮಾತು ಕೇಳುತ್ತಾ ಅವನ ಮನಸ್ಸು ತುಂಬಿ ಬಂತು. ಹೊದ್ದ ಬಟ್ಟೆಯನ್ನೇ ಕೊಟ್ಟುಬಿಡೋಣ ಎನಿಸಿತು. ಮರುಕ್ಷಣವೇ ಮನಸ್ಸು ಲೆಕ್ಕಕ್ಕೆ ಇಳಿಯಿತು: ಕೊಟ್ಟರೆ ನನಗೆ ಇಲ್ಲ, ಅವಳಿಗೂ ಇಲ್ಲ. ಮೊದಲ ಜಾವ ಹೀಗೇ ಕಳೆಯಿತು. ನಡುಜಾವವೂ ಕಳೆಯಿತು. ಕೊನೆಯ ಜಾವದಲ್ಲಿ ಎದ್ದು ಬಟ್ಟೆಯನ್ನು ಬುದ್ಧನ ಪಾದದ ಬಳಿ ಇಟ್ಟು ‘ಗೆದ್ದೆ, ಗೆದ್ದೆ, ಗೆದ್ದೆ’ ಎಂದು ಕೂಗಿದ. ಅಲ್ಲೇ ಇದ್ದ ಪಸೇನದಿ ರಾಜನಿಗೆ ಕುತೂಹಲ: ಯುದ್ಧವಿಲ್ಲದೆ ಏನನ್ನು ಗೆದ್ದ? ವಿಷಯ ತಿಳಿದು ರಾಜ ಅವನಿಗೆ ಬಟ್ಟೆ ಮತ್ತು ಸಂಪತ್ತು ಕೊಟ್ಟ. ಬುದ್ಧ ಆಗ ಹೇಳಿದ್ದು, ಮೊದಲ ಜಾವದಲ್ಲೇ ಕೊಟ್ಟಿದ್ದರೆ ಫಲ ಇನ್ನೂ ಎಷ್ಟೋ ಪಾಲು ಹೆಚ್ಚುತ್ತಿತ್ತು ಎಂದು. ಒಳಿತಿಗೆ ಅವಸರಿಸು, ತಡಮಾಡಿದರೆ ಮನಸ್ಸು ಕೆಡುಕಿನಲ್ಲೇ ರಮಿಸುತ್ತದೆ ಎಂಬ ಧಮ್ಮಪದದ 116ನೆಯ ಗಾಥೆಗೆ ಹಿನ್ನೆಲೆ ಈ ಕಥೆ.

ನನಗೆ ಇಲ್ಲಿ ಹತ್ತಿರವಾಗುವುದು ಬಹುಮಾನಕ್ಕಿಂತ ಆ ಮೂರು ಜಾವಗಳ ಒದ್ದಾಟ. ಆ ಒದ್ದಾಟ ನಮ್ಮೆಲ್ಲರದು. ‘ನಾಳೆ ಫೋನ್ ಮಾಡಿ ವಿಚಾರಿಸುತ್ತೇನೆ’, ‘ಸಂಬಳ ಬರಲಿ’ ಎನ್ನುತ್ತಾ ಜಾವಗಳು ಉರುಳುತ್ತವೆ.

ಒಂದು ನಿಯಮ ಇಟ್ಟುಕೊಳ್ಳಿ. ಕೊಟ್ಟರೆ ನಿಮ್ಮ ತಿಂಗಳ ಲೆಕ್ಕ ಅಲುಗದಷ್ಟು ಸಣ್ಣದಾದರೆ ಮನಸ್ಸು ಬಂದ ಕೂಡಲೇ ಕೊಡಿ, ಎರಡನೆಯ ಯೋಚನೆಗೆ ಆಸ್ಪದವೇ ಬೇಡ. ದೊಡ್ಡದಾದರೆ ಒಂದು ರಾತ್ರಿ ಮಲಗಿ ಎದ್ದು ಮನೆಯವರೊಡನೆ ಮಾತಾಡಿ ತೀರ್ಮಾನಿಸಿ. ಆದರೆ ತೀರ್ಮಾನದ ದಿನವನ್ನು ಮೊದಲೇ ಗೊತ್ತು ಮಾಡಿ. ದಿನ ಗೊತ್ತಿಲ್ಲದ ದಾನ ನಡೆಯುವುದೇ ಇಲ್ಲ.

ಐದನೆಯ ಹಂತ: ಕೊಡುವ ಬಗೆಯನ್ನು ಕಲಿಯಿರಿ

ಸಜ್ಜನರು ಹೇಗೆ ಕೊಡುತ್ತಾರೆ ಎಂದು ಅಂಗುತ್ತರ ನಿಕಾಯ ವಿವರಿಸುತ್ತದೆ: ಆದರದಿಂದ, ಎದುರಿನವರನ್ನು ಗೌರವಿಸಿ, ತಮ್ಮ ಕೈಯಾರೆ, ಬಿಸಾಡುವಂಥದ್ದನ್ನಲ್ಲದೆ ಒಳ್ಳೆಯದನ್ನು, ಮತ್ತು ಇದಕ್ಕೆ ಫಲವಿದೆ ಎಂಬ ಭರವಸೆಯಿಂದ.

‘ಬಿಸಾಡುವಂಥದ್ದನ್ನಲ್ಲದೆ’ ಎಂಬುದು ಎಷ್ಟು ಕಷ್ಟವೆಂದು ನನಗೆ ತಿಳಿದದ್ದು ಒಂದು ಸಂಜೆ, ಬೀರುವಿನ ಮುಂದೆ. ಚಳಿಗಾಲ ಶುರುವಾಗಿತ್ತು. ರಾತ್ರಿ ಪಾಳಿಯ ಕಾವಲುಗಾರರಿಗೆ ಹೊದೆಯಲು ಏನಾದರೂ ಕೊಡಬೇಕೆಂದು ಬೀರು ತೆರೆದೆ. ಎರಡು ಶಾಲುಗಳಿದ್ದವು. ಒಂದು ಕಂದು ಬಣ್ಣದ್ದು, ಅಂಚಿನ ಎಳೆ ಬಿಚ್ಚಿತ್ತು, ಮಧ್ಯೆ ನುಸಿ ತಿಂದ ಸಣ್ಣ ತೂತು. ಇನ್ನೊಂದು ಮಡಿಕೆ ಬಿಚ್ಚದ ಬೂದು ಶಾಲು, ಯಾರೋ ಸಮಾರಂಭದಲ್ಲಿ ಹೊದಿಸಿದ್ದು, ನಾಲ್ಕು ವರ್ಷದಿಂದ ಅಲ್ಲೇ ಇತ್ತು. ಕೈ ತಾನಾಗಿ ಕಂದು ಶಾಲಿನ ಕಡೆಗೆ ಹೋಯಿತು. ಅದನ್ನು ಮಡಚುವಾಗ ತೂತು ಒಳಗೆ ಹೋಗುವಂತೆ ಮಡಚಿದೆ. ಹಾಗೆ ಮಡಚಿದ್ದನ್ನು ಕಂಡಾಗಲೇ ನನಗೆ ನಾಚಿಕೆಯಾದದ್ದು. ಆ ತೂತನ್ನು ಯಾರಿಂದ ಮುಚ್ಚಿಡುತ್ತಿದ್ದೆ? ಕಂದು ಶಾಲನ್ನು ನನಗೆ ಇಟ್ಟುಕೊಂಡು ಬೂದು ಶಾಲನ್ನು ಕೊಟ್ಟೆ. ಬೀರುವಿನಿಂದ ಬಾಗಿಲಿನವರೆಗೆ ನಡೆಯುವಷ್ಟರಲ್ಲಿ ಮನಸ್ಸು ‘ಎರಡನ್ನೂ ಇಟ್ಟುಕೊಂಡು ಹಣ ಕೊಡಬಹುದಲ್ಲ’ ಎಂದು ಇನ್ನೊಂದು ದಾರಿ ಹುಡುಕಿತ್ತು.

ಹಳೆಯ ವಸ್ತುಗಳನ್ನು ಕೊಡಬಾರದೆಂದಲ್ಲ. ತೊಳೆದು, ಗುಂಡಿ ಹೊಲಿದು, ಸರಿಯಾಗಿ ಮಡಚಿ ಕೊಡಿ. ನಿಮ್ಮ ಆಪ್ತರಿಗೆ ಕೊಡಲು ನಾಚಿಕೆಯಾಗುವ ವಸ್ತುವನ್ನು ಇನ್ನಾರಿಗೂ ಕೊಡಬೇಡಿ, ಅಷ್ಟೇ. ಮನೆ ಖಾಲಿ ಮಾಡುವುದು ಬೇರೆ, ದಾನ ಬೇರೆ.

‘ಕೈಯಾರೆ’ ಎಂಬುದೂ ಮುಖ್ಯ. ಮೊಬೈಲಿನಲ್ಲಿ ಹಣ ಕಳುಹಿಸುವುದು ಸುಲಭ, ದೂರದವರಿಗೆ ಅದೇ ದಾರಿ. ಆದರೆ ವಾರಕ್ಕೊಮ್ಮೆಯಾದರೂ ಕೈಗೆ ಕೈ ತಾಗುವಂತೆ ಕೊಡಿ. ಕಣ್ಣು ನೋಡಿ, ಹೆಸರು ಕೇಳಿ, ‘ತಗೊಳ್ಳಿ’ ಎಂದು ಬಹುವಚನದಲ್ಲಿ ಹೇಳಿ. ಆ ಕ್ಷಣದ ಫೋಟೊ ತೆಗೆಯಬೇಡಿ. ತೆಗೆದುಕೊಳ್ಳುವವರ ಮುಖ ನಿಮ್ಮ ದಾನಕ್ಕೆ ಸಾಕ್ಷಿ ಹೇಳಲು ಇರುವುದಲ್ಲ.

ಇನ್ನು ಹಂಗಿನ ಮಾತು. ಹಂಗಿನ ಅರಮನೆಗಿಂತ ಗುಡಿಸಲು ಲೇಸು ಎಂದು ನಮ್ಮ ಹಿರಿಯರು ಹೇಳಿದ್ದು ತೆಗೆದುಕೊಳ್ಳುವವರ ನೋವನ್ನು ಬಲ್ಲವರಾಗಿ. ಕೊಟ್ಟ ಮೇಲೆ ‘ನಾನು ಅಂದು ಮಾಡಿದ್ದನ್ನು ಮರೆತರು’ ಎಂದು ಒಮ್ಮೆ ಆಡಿದರೂ ಸಾಕು, ಕೊಟ್ಟದ್ದನ್ನು ಸಾಲವಾಗಿ ಮಾಡಿದಂತೆ. ಹಂಗಿಸುವ ಸಾಧ್ಯತೆಯಿದೆ ಎನಿಸಿದರೆ ನಿಮ್ಮ ಹೆಸರು ತಿಳಿಯದಂತೆ ಕೊಡಿ, ಇಲ್ಲವೇ ಸಾಲವೆಂದೇ ಹೇಳಿ ಕೊಡಿ. ಸಾಲ ಪ್ರಾಮಾಣಿಕ ವ್ಯವಹಾರ. ದಾನದ ಹೆಸರಿನಲ್ಲಿ ಕೊಟ್ಟ ಸಾಲ ಎರಡೂ ಕಡೆಯವರನ್ನು ಸುಡುತ್ತದೆ.

ಆರನೆಯ ಹಂತ: ತನಗೂ ಇತರರಿಗೂ ಘಾಸಿಯಾಗದಂತೆ

ಸಜ್ಜನರ ದಾನದ ಇನ್ನೊಂದು ಪಟ್ಟಿಯ ಕೊನೆಯ ಲಕ್ಷಣ, ತನ್ನನ್ನೂ ಇತರರನ್ನೂ ನೋಯಿಸದೆ ಕೊಡುವುದು. ಒಳ್ಳೆಯತನದಲ್ಲಿ ಮುಳುಗಿಹೋಗುವವರು ಇದನ್ನು ಎರಡು ಸಲ ಓದಿಕೊಳ್ಳಬೇಕು.

ದೀಘಜಾಣು ಎಂಬ ಗೃಹಸ್ಥ ಬುದ್ಧನ ಬಳಿ ಬಂದು ‘ನಾವು ಹೆಂಡತಿ ಮಕ್ಕಳೊಂದಿಗೆ ಸಂಸಾರ ಮಾಡುವವರು, ನಮಗೆ ಆಗುವಂಥದ್ದನ್ನು ಹೇಳಿ’ ಎಂದು ಕೇಳಿಕೊಂಡ. ಬುದ್ಧ ತಕ್ಕಡಿ ಹಿಡಿದವನ ಹೋಲಿಕೆ ಕೊಟ್ಟ: ಇಷ್ಟಕ್ಕೆ ತಗ್ಗಿತು, ಇಷ್ಟಕ್ಕೆ ಏರಿತು ಎಂದು ತೂಗುವವನಿಗೆ ಗೊತ್ತಿರುವಂತೆ ಆದಾಯವನ್ನೂ ವೆಚ್ಚವನ್ನೂ ತಿಳಿದು ಬಾಳಬೇಕು. ಕಡಿಮೆ ಆದಾಯದಲ್ಲಿ ದುಂದು ಮಾಡುವವನು ಅತ್ತಿಹಣ್ಣು ತಿನ್ನುವವನಂತೆ ಸಂಪತ್ತನ್ನು ತಿಂದು ಮುಗಿಸಿದನೆಂದು ಜನ ಹೇಳುತ್ತಾರೆ. ಹೆಚ್ಚು ಆದಾಯವಿದ್ದೂ ಹಿಡಿದಿಟ್ಟು ಬದುಕುವವನು ಹಸಿದೇ ಸಾಯುತ್ತಾನೆಂದು ಹೇಳುತ್ತಾರೆ. ಅದೇ ಉಪದೇಶದಲ್ಲಿ ಚಾಗವೂ ಸೇರಿದೆ. ಲೆಕ್ಕ ಇಡುವುದಕ್ಕೂ ಕೈ ಬಿಚ್ಚುವುದಕ್ಕೂ ಅಲ್ಲಿ ಜಗಳವೇ ಇಲ್ಲ.

ಸಿಗಾಲೋವಾದ ಸುತ್ತದಲ್ಲಿ ಗಳಿಕೆಯನ್ನು ನಾಲ್ಕು ಭಾಗ ಮಾಡುವ ಮಾತಿದೆ: ಒಂದು ಅನುಭವಿಸಲು, ಎರಡು ದುಡಿಮೆಗೆ, ನಾಲ್ಕನೆಯದು ಆಪತ್ತಿಗೆ ಕೂಡಿಡಲು. ದಾನಕ್ಕೆಂದು ಬೇರೆ ಭಾಗವನ್ನು ಅಲ್ಲಿ ಹೇಳಿಲ್ಲ. ಆಪತ್ತಿನ ಹಣವನ್ನು ಮುಟ್ಟದೆ, ನಮ್ಮ ಸುಖಕ್ಕೆ ಇಟ್ಟುಕೊಂಡ ಮೊದಲ ಭಾಗದಲ್ಲೇ ಕೊಡಬೇಕು ಎಂದು ನಾನು ಅರ್ಥ ಮಾಡಿಕೊಂಡಿದ್ದೇನೆ. ತಿಂಗಳ ಮೊದಲ ದಿನವೇ ಆ ಮೊತ್ತವನ್ನು ತೆಗೆದಿಡಿ. ತಿಂಗಳ ಕೊನೆಗೆ ಉಳಿದದ್ದನ್ನು ಕೊಡುತ್ತೇನೆ ಎಂದರೆ ಏನೂ ಉಳಿದಿರುವುದಿಲ್ಲ.

ಏನನ್ನು ಕೊಡಬಾರದು? ಮಿಲಿಂದಪಞ್ಹವೆಂಬ ಪಾಲಿ ಗ್ರಂಥದಲ್ಲಿ ದಾನವಾಗಿ ಕೊಡಬಾರದವುಗಳ ಪಟ್ಟಿಯಿದೆ. ಮದ್ಯ, ಆಯುಧ, ವಿಷ, ಸಂಕೋಲೆ, ಸುಳ್ಳು ತೂಕ ಮತ್ತು ಅಳತೆಗಳು ಅದರಲ್ಲಿ ಸೇರಿವೆ. ಕುಡಿತದ ಚಟಕ್ಕೆ ಹಣ ಕೇಳುವವರಿಗೆ ಹಣ ಕೊಡದೆ, ಜೊತೆಗೆ ಕೂತು ಊಟ ಮಾಡಿ. ‘ಇಲ್ಲ’ ಎನ್ನಬೇಕಾದಾಗ ಮುಖ ಸಿಂಡರಿಸದೆ ಹೇಳಿ. ಜನರನ್ನು ಒಟ್ಟಿಗೆ ಹಿಡಿದಿಡುವ ನಾಲ್ಕು ಸಂಗ್ರಹವಸ್ತುಗಳಲ್ಲಿ ದಾನದ ಪಕ್ಕದಲ್ಲೇ ನಿಲ್ಲುವುದು ಪ್ರಿಯವಾದ ಮಾತು.

ಲೋಕದ ಕಷ್ಟ ನೋಡಿ ‘ನಾನು ಕೊಡುವುದು ಯಾವ ಮೂಲೆಗೆ’ ಎಂದು ಕೈಚೆಲ್ಲುವವರಿಗೆ ಶಾಂತಿದೇವನಲ್ಲೇ ಉತ್ತರವಿದೆ. ಲೋಕದ ಬಡತನವನ್ನೆಲ್ಲ ನೀಗಿದರೆ ಮಾತ್ರ ದಾನಪಾರಮಿತೆ ಎನ್ನುವುದಾದರೆ, ಇಂದಿಗೂ ಬಡತನವಿರುವಾಗ ಹಿಂದಿನ ಬುದ್ಧರು ಅದನ್ನು ಹೇಗೆ ಪೂರೈಸಿದರು ಎಂದು ಅವನು ಕೇಳುತ್ತಾನೆ. ಫಲವೂ ಸೇರಿದಂತೆ ಎಲ್ಲವನ್ನೂ ಎಲ್ಲರಿಗಾಗಿ ಬಿಟ್ಟುಕೊಡುವ ಮನಸ್ಸೇ ದಾನಪಾರಮಿತೆ ಎಂದು ತಾನೇ ಉತ್ತರಿಸುತ್ತಾನೆ.

ಏಳನೆಯ ಹಂತ: ಯಾರಿಗೆ, ಯಾವಾಗ

ಇದು ಚಿಕ್ಕದು. ‘ದಾನವನ್ನು ಎಲ್ಲಿ ಕೊಡಬೇಕು’ ಎಂದು ಪಸೇನದಿ ಕೇಳಿದಾಗ ಬುದ್ಧನ ಉತ್ತರ: ‘ಮನಸ್ಸು ಎಲ್ಲಿ ಪ್ರಸನ್ನವಾಗುತ್ತದೋ ಅಲ್ಲಿ.’ ಯಾರಿಗೆ ಕೊಟ್ಟರೆ ಮಹಾಫಲ ಎಂಬುದು ಬೇರೆಯೇ ಪ್ರಶ್ನೆ ಎಂದೂ ಅವನು ಹೇಳುತ್ತಾನೆ. ಆರಂಭದವರಿಗೆ ಮೊದಲ ಉತ್ತರ ಸಾಕು. ಕಾಲದ ವಿಷಯಕ್ಕೆ ಬಂದರೆ ಐದು ಕಾಲದಾನಗಳಿವೆ: ಬಂದವರಿಗೆ, ಹೊರಟವರಿಗೆ, ಕಾಯಿಲೆಯವರಿಗೆ, ಬರಗಾಲದಲ್ಲಿ, ಮತ್ತು ಹೊಸ ಬೆಳೆ, ಹೊಸ ಹಣ್ಣು ಬಂದಾಗ ಮೊದಲ ಪಾಲು ಶೀಲವಂತರಿಗೆ. ಕಚೇರಿಗೆ ಹೊಸಬರು ಬಂದ ಮೊದಲ ದಿನ, ನೆರೆಯವರು ಮನೆ ಬಿಟ್ಟು ಹೊರಟ ದಿನ, ಪರಿಚಯದವರು ಆಸ್ಪತ್ರೆಯಲ್ಲಿರುವ ದಿನ, ಈ ಮೂರನ್ನು ತಪ್ಪಿಸಬೇಡಿ.

ಎಂಟನೆಯ ಹಂತ: ಹಣ ಮುಟ್ಟದ ದಾನಗಳು

ವಸ್ತುದಾನದ ಜೊತೆಗೆ ಬೌದ್ಧ ಪರಂಪರೆ ಧರ್ಮದಾನವನ್ನೂ ಅಭಯದಾನವನ್ನೂ ಹೇಳುತ್ತದೆ. ಧರ್ಮದಾನ ಎಲ್ಲ ದಾನಗಳನ್ನೂ ಗೆಲ್ಲುತ್ತದೆ ಎಂದು ಧಮ್ಮಪದ ಹೇಳಿದೆ ನಿಜ. ಆದರೆ ಕೇಳದವರಿಗೆ ಉಪದೇಶ ಮಾಡುವುದು ಧರ್ಮದಾನವಲ್ಲ. ಕೇಳಿದಾಗ, ನಿಮಗೆ ತಿಳಿದಷ್ಟನ್ನು, ಬಚ್ಚಿಡದೆ ಹೇಳಿ.

ಅಭಯದಾನದ ಬಗ್ಗೆ ಸುತ್ತವೊಂದರಲ್ಲಿ ಚೆಲುವಾದ ಮಾತಿದೆ. ಕೊಲ್ಲದಿರುವುದು, ಕದಿಯದಿರುವುದು, ಕಾಮದಲ್ಲಿ ತಪ್ಪಿ ನಡೆಯದಿರುವುದು, ಸುಳ್ಳಾಡದಿರುವುದು, ಅಮಲಿನಿಂದ ದೂರವಿರುವುದು, ಈ ಐದು ಶೀಲಗಳನ್ನು ಬುದ್ಧ ‘ಮಹಾದಾನಗಳು’ ಎಂದು ಕರೆದಿದ್ದಾನೆ. ಅವನ್ನು ಪಾಲಿಸುವವರು ಲೆಕ್ಕವಿಲ್ಲದಷ್ಟು ಜೀವಿಗಳಿಗೆ ಭಯವಿಲ್ಲದಿರುವಿಕೆಯನ್ನು ಕೊಡುತ್ತಾರೆ. ಇದನ್ನು ಮನೆಯಿಂದಲೇ ಅಳೆಯಿರಿ. ಸಂಜೆ ನೀವು ಬಾಗಿಲು ತೆರೆದಾಗ ಒಳಗಿನ ಮಾತುಕತೆ ಮುಂದುವರಿಯುತ್ತದೆಯೇ, ನಿಲ್ಲುತ್ತದೆಯೇ? ನಿಲ್ಲುವುದಾದರೆ ನಿಮ್ಮ ಮೊದಲ ದಾನ ಅಲ್ಲಿಗೇ ಸಲ್ಲಬೇಕು. ಒಂದು ತಿಂಗಳು ದನಿ ಏರಿಸದೆ ಇರಿ.

ಸಮಯವೂ ದಾನವೇ. ಪಕ್ಕದ ಮನೆಯ ಹಿರಿಯರೊಬ್ಬರು ತಮ್ಮ ತಂದೆ ರೈಲು ತಪ್ಪಿಸಿಕೊಂಡ ಕಥೆಯನ್ನು ನನಗೆ ಆರೇಳು ಬಾರಿ ಹೇಳಿದ್ದರು. ಒಮ್ಮೆ ಮೊಬೈಲನ್ನು ಮನೆಯಲ್ಲೇ ಬಿಟ್ಟು ಹೋಗಿ, ‘ಗೊತ್ತು’ ಎನ್ನದೆ ಪೂರ್ತಿ ಕೇಳಿದೆ. ಎಂದಿನ ಜಾಗಕ್ಕೆ ಕಥೆ ಮುಗಿದಾಗ ನಾನು ಏಳಲಿಲ್ಲ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಆ ರೈಲಿನಲ್ಲಿ ತಂದೆ ಯಾರನ್ನು ನೋಡಲು ಹೊರಟಿದ್ದರೆಂದು ಹೇಳಿದರು. ಅಷ್ಟು ವರ್ಷ ಅವರು ಹೇಳಬೇಕೆಂದಿದ್ದದ್ದು ಆ ಭಾಗವನ್ನೇ ಇರಬೇಕು.

ಒಂಬತ್ತನೆಯ ಹಂತ: ಕೊಟ್ಟ ಮೇಲಿನ ಮನಸ್ಸನ್ನು ಕಾಯಿರಿ

ನಂದಮಾತೆ ಎಂಬ ಉಪಾಸಿಕೆ ಸಂಘಕ್ಕೆ ದಾನ ಕೊಡುತ್ತಿದ್ದಾಗ ಬುದ್ಧ ದಾನಿಯ ಮೂರು ಅಂಗಗಳನ್ನು ಹೇಳಿದ: ಕೊಡುವ ಮುನ್ನ ಸಂತೋಷ, ಕೊಡುವಾಗ ಪ್ರಸನ್ನತೆ, ಕೊಟ್ಟ ಮೇಲೆ ತೃಪ್ತಿ. ಮೊದಲೆರಡು ಹೇಗೋ ಆಗುತ್ತವೆ. ಜಾರುವುದು ಮೂರನೆಯದರಲ್ಲಿ.

ಪರಿಚಯದವರೊಬ್ಬರ ಮನೆಯಲ್ಲಿ ಕಾಯಿಲೆಯೆಂದು ನಾನು ಸ್ವಲ್ಪ ಹಣ ಕೊಟ್ಟಿದ್ದೆ, ಹಿಂದಿರುಗಿಸುವುದು ಬೇಡವೆಂದೇ ಹೇಳಿ. ಎರಡು ತಿಂಗಳ ನಂತರ ಅವರ ಕೈಯಲ್ಲಿ ಹೊಸ ಮೊಬೈಲ್ ಕಂಡಿತು. ಅವರು ನಗುತ್ತಾ ಮಾತಾಡಿಸುತ್ತಿದ್ದರೆ ನನ್ನ ಕಣ್ಣು ಆ ಮೊಬೈಲಿನ ಮೇಲೇ. ಮನೆಗೆ ಬಂದರೂ ಲೆಕ್ಕ ನಿಲ್ಲಲಿಲ್ಲ. ಆ ರಾತ್ರಿ ನೆನಪಾದದ್ದು ಶ್ರಾವಸ್ತಿಯ ಆ ಸಿರಿವಂತ. ಅವನು ಹಿಂದಿನ ಜನ್ಮದಲ್ಲಿ ತಗರಸಿಖಿ ಎಂಬ ಪಚ್ಚೇಕಬುದ್ಧನಿಗೆ (ಗುರುವಿಲ್ಲದೆ ತಾನಾಗಿಯೇ ಜ್ಞಾನೋದಯ ಪಡೆದವನಿಗೆ) ಭಿಕ್ಷೆ ಕೊಡಿಸಿದ್ದನಂತೆ. ಆಮೇಲೆ ‘ಇದನ್ನು ಆಳುಗಳು ತಿಂದಿದ್ದರೇ ಒಳ್ಳೆಯದಿತ್ತು’ ಎಂದು ಹಲುಬಿದ. ಕೊಟ್ಟದ್ದರಿಂದ ಸಂಪತ್ತು ಬಂತು. ಹಲುಬಿದ್ದರಿಂದ ಅದನ್ನು ಉಣ್ಣುವ ಮನಸ್ಸೇ ಬರಲಿಲ್ಲ. ಪುನರ್ಜನ್ಮವನ್ನು ನಂಬದವರೂ ಈ ಕಥೆಯನ್ನು ಒಂದೇ ಸಂಜೆಯಲ್ಲಿ ಪರೀಕ್ಷಿಸಬಹುದು. ನಾನು ಪರೀಕ್ಷಿಸಿದೆ: ಹಣ ಹೋದದ್ದಕ್ಕಿಂತ ಆ ರಾತ್ರಿಯ ನಿದ್ದೆ ಹೋದದ್ದು ದೊಡ್ಡ ನಷ್ಟ.

ಇದಕ್ಕೆ ಪರಂಪರೆ ಕೊಡುವ ಮದ್ದು ‘ಚಾಗಾನುಸ್ಸತಿ’, ತ್ಯಾಗದ ಸ್ಮರಣೆ. ಮಲಗುವ ಮುನ್ನ ಐದು ನಿಮಿಷ ಬೆನ್ನು ನೇರ ಮಾಡಿ ಕುಳಿತುಕೊಳ್ಳಿ. ಅಂದು ಕೊಟ್ಟ ಒಂದನ್ನು ನೆನೆಯಿರಿ. ಎಷ್ಟು ಕೊಟ್ಟೆ ಎಂಬುದನ್ನು ಬಿಟ್ಟು, ಕೈ ಸಡಿಲವಾದ ಆ ಕ್ಷಣವನ್ನು ನೆನೆಯಿರಿ. ಆಗ ಎದೆಯಲ್ಲಿ ಬಂದ ಹಗುರವನ್ನು ಮತ್ತೆ ತಂದುಕೊಂಡು ಅದರಲ್ಲೇ ಇರಿ. ಪಾಲಿಯ ಸ್ಮರಣೆಯ ಸಾಲುಗಳ ಭಾವ ಹೀಗಿದೆ: ‘ಇದು ನನಗೆ ಲಾಭ, ಜಿಪುಣತನದ ಕೊಳೆಯಿಲ್ಲದ ಮನಸ್ಸಿನಿಂದ ಮನೆಯಲ್ಲಿ ಬಾಳುತ್ತಿದ್ದೇನೆ, ಮುಕ್ತವಾಗಿ ಕೊಡುವವನಾಗಿ, ತೊಳೆದ ಕೈಯವನಾಗಿ.’ ತೊಳೆದ ಕೈ ಏಕೆಂದರೆ, ತನ್ನ ಕೈಯಾರೆ ಕೊಡಲು ಸದಾ ಸಿದ್ಧವಾಗಿರುವ ಕೈ ಅದು ಎಂದು ವಿಸುದ್ಧಿಮಗ್ಗವೆಂಬ ಪಾಲಿ ಗ್ರಂಥ ಬಿಡಿಸಿ ಹೇಳುತ್ತದೆ. ಎಂಜಲು ಕೈಯಲ್ಲಿ ಕಾಗೆ ಓಡಿಸದವನಿಗೂ ಈ ತೊಳೆದ ಕೈಗೂ ಇರುವ ದೂರವನ್ನು ನಡೆಯುವುದೇ ಈ ಎಲ್ಲ ಹಂತಗಳ ಕೆಲಸ. ಏನೂ ಕೊಡದ ದಿನ ಇನ್ನೊಬ್ಬರು ಕೊಟ್ಟದ್ದನ್ನು ನೆನೆದು ಸಂತೋಷಪಡಿ. ಅದಕ್ಕೆ ‘ಅನುಮೋದನೆ’ ಎನ್ನುತ್ತಾರೆ, ಅದೂ ಪುಣ್ಯವೇ.

ಹತ್ತನೆಯ ಹಂತ: ತೆಗೆದುಕೊಳ್ಳಲು ಕಲಿಯಿರಿ

ಕೊಡುವುದರಲ್ಲಿ ಪಳಗಿದವರು ಇಲ್ಲಿ ಎಡವುತ್ತಾರೆ. ಅವರಿಗೆ ಯಾರಿಂದಲೂ ಏನೂ ಬೇಡ. ಸದಾ ಮೇಲಿರುವ ಕೈಗೆ ಕೆಳಗಿರಲು ಬಾರದು. ವಚ್ಛಗೋತ್ತನಿಗೆ ಬುದ್ಧ ಹೇಳಿದ ಮಾತಿನ ಇನ್ನೊಂದು ಭಾಗ ಇದೇ: ದಾನ ಕೊಡುವವರನ್ನು ತಡೆಯುವವನು ಮೂವರಿಗೆ ಕೇಡು ಮಾಡುತ್ತಾನೆ, ಕೊಡುವವರ ಪುಣ್ಯಕ್ಕೆ ಅಡ್ಡಿ, ತೆಗೆದುಕೊಳ್ಳುವವರ ಲಾಭಕ್ಕೆ ಅಡ್ಡಿ, ಎಲ್ಲಕ್ಕೂ ಮೊದಲು ತನಗೇ ಗಾಯ. ‘ನನಗೆ ಬೇಡ’ ಎಂದು ಕೈ ಹಿಂದಕ್ಕೆ ಎಳೆದುಕೊಳ್ಳುವಾಗ ನಾವು ತಡೆಯುವವರೂ ಆಗುತ್ತೇವೆ ಎಂದು ನನಗೆ ಅನಿಸುತ್ತದೆ. ಮಹಾಯಾನದ ಆಚಾರ್ಯರು ಕೊಡುವವನು, ವಸ್ತು, ತೆಗೆದುಕೊಳ್ಳುವವನು ಎಂಬ ಮೂರನ್ನೂ ಬೇರೆಬೇರೆ ಎಂದು ಹಿಡಿಯದೆ ಕೊಡುವುದನ್ನು ‘ತ್ರಿಮಂಡಲ ಪರಿಶುದ್ಧಿ’ ಎಂದರು. ಓದಿದಾಗ ಅದು ಬರೀ ತತ್ತ್ವವೆನಿಸಿತ್ತು. ಪಕ್ಕದ ಮನೆಯ ಆ ಹಿರಿಯರು ಒಂದು ಬೆಳಿಗ್ಗೆ ನಡುಗುವ ಕೈಯಲ್ಲಿ ತಾವೇ ಬೆಳೆಸಿದ ನಾಲ್ಕು ಹೂಗಳನ್ನು ಹಿಡಿದು ಬಾಗಿಲಿಗೆ ಬಂದರು. ‘ಅಯ್ಯೋ, ನೀವೇಕೆ ಶ್ರಮ ತೆಗೆದುಕೊಂಡಿರಿ’ ಎಂಬ ಮಾತು ನಾಲಿಗೆಗೆ ಬಂದಿತ್ತು. ಅದನ್ನು ನುಂಗಿಕೊಂಡು ಎರಡೂ ಕೈಗಳನ್ನು ಚಾಚಿದೆ.